ಆನೆಗೊಂದು ಮನೆ

ಕಾಡಿನಲ್ಲಿ ಆನೆಯು ದಿನದ ಬಹುಪಾಲನ್ನು ಮೇವಿನ ಅನ್ವೇಷಣೆಯಲ್ಲಿಯೇ ಕಳೆಯುತ್ತದೆ. ಸುಮಾರು 150 ಕಿಲೋಗ್ರಾಂ ಹುಲ್ಲು, ಸೊಪ್ಪು, ತೊಗಟೆಗಳನ್ನು ಹುಡುಕಿ, ಮುರಿದು, ಮಣ್ಣು ಕೊಡವಿ ತಿನ್ನುವುದೇ ಅದರ ನಿತ್ಯದ ಕಸುಬು. ಇಂತಹ ಪ್ರಾಣಿಯನ್ನು ಸಿಮೆಂಟು ನೆಲದ ಮೇಲೆ ನಿಲ್ಲಿಸಿ, ಹೊತ್ತುಹೊತ್ತಿಗೆ ಹುಲ್ಲಿನ ಹೊರೆಯನ್ನು ಮುಂದಿಟ್ಟರೆ ಹಸಿವೇನೋ ಹಿಂಗುತ್ತದೆ. ಆದರೆ ಕಸುಬು ತಪ್ಪಿಹೋಗುತ್ತದೆ. ಮಾಡಲು ಕೆಲಸವಿಲ್ಲದ ಆನೆ ನಿಂತಲ್ಲಿಯೇ ಗಂಟೆಗಟ್ಟಲೆ ತೂಗಾಡತೊಡಗುತ್ತದೆ. ಅದು ಕುಣಿಯುತ್ತಿದೆಯೆಂದು ಭ್ರಮಿಸಿ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ.

ಮೃಗಾಲಯಗಳ ರೂಪವನ್ನು ಬದಲಿಸಿದವರಲ್ಲಿ ಜರ್ಮನಿಯ ಕಾರ್ಲ್ ಹಾಗೆನ್‌ಬೆಕ್ ಪ್ರಮುಖನು. 1907ರಲ್ಲಿ ಹ್ಯಾಂಬರ್ಗಿನ ಬಳಿ ಆತನು ತೆರೆದ ಪ್ರಾಣಿವನದಲ್ಲಿ ಸರಳುಗಳಿಗೆ ಬದಲಾಗಿ ಕಂದಕಗಳೂ ಕೃತಕ ಬಂಡೆಗಳೂ ಇದ್ದವು. ನೋಡುಗರಿಗೆ ಪಂಜರದ ನೆನಪೇ ಅಳಿಯಿತು. ಆದರೆ ಪ್ರಾಣಿಗೆ? ಬಣ್ಣ ಬಳಿದ ಸಿಮೆಂಟಿನ ಬಂಡೆಯು ಮನುಷ್ಯನ ಕಣ್ಣಿಗೆ ಬೆಟ್ಟವೆನಿಸಬಹುದು. ಆನೆಯ ಸೊಂಡಿಲಿಗೆ ಅದು ಬರಿಯ ಗೋಡೆ.

ಲಂಡನ್ ಮೃಗಾಲಯದಲ್ಲಿ 1965ರಲ್ಲಿ ತೆರೆದ ಆನೆಮನೆಗೆ ಅದರ ಶಿಲ್ಪಿಗಳಾದ ಹ್ಯೂ ಕ್ಯಾಸನ್ ಮತ್ತು ನೆವಿಲ್ ಕಾಂಡರ್ ಆನೆಯ ಚರ್ಮವನ್ನು ನೆನಪಿಸುವ ಒರಟು ಗೋಡೆಗಳನ್ನು ಕೊಟ್ಟರು. ಕಟ್ಟಡವು ಕೀರ್ತಿ ಗಳಿಸಿತು. ಆದರೆ 2001ರಲ್ಲಿ ಆನೆಯಿಂದ ಪಾಲಕನೊಬ್ಬನು ಮೃತನಾದ ಬಳಿಕ, ಅಲ್ಲಿದ್ದ ಮೂರು ಆನೆಗಳನ್ನು ವಿಶಾಲವಾದ ವಿಪ್‌ಸ್ನೇಡ್ ಮೃಗಾಲಯಕ್ಕೆ ಸಾಗಿಸಲಾಯಿತು.

ಹಾಗಾದರೆ ಆವರಣದೊಳಗೆ ನಿಜವಾದ ಮರಗಳನ್ನೇ ಬೆಳೆಸಬಾರದೆ? ಇಲ್ಲಿಯೇ ಇರುವುದು ತೊಡಕು. ಆನೆಯು ತೊಗಟೆ ಸುಲಿಯುತ್ತದೆ, ಕೊಂಬೆ ಮುರಿಯುತ್ತದೆ. ಅದರ ಮನಸ್ಸಿಗೆ ಒಪ್ಪುವ ತೋಪು ಬಹುಕಾಲ ತೋಪಾಗಿ ಉಳಿಯದು. ಆದುದರಿಂದ ಜಾಣ ಶಿಲ್ಪಿಯು ಹಸುರು ಮರಗಳನ್ನು ಸೊಂಡಿಲಿಗೆ ಎಟುಕದಂತೆ ಕಾಪಾಡಿ, ಮೈ ಉಜ್ಜಲು ಒಣ ದಿಮ್ಮಿಗಳನ್ನೂ ಹೊರಳಲು ಕೆಸರುಗುಂಡಿಯನ್ನೂ ಒದಗಿಸುತ್ತಾನೆ. ಮೇವನ್ನು ಎತ್ತರದಲ್ಲಿ ತೂಗುಹಾಕಿ ಆನೆ ಕತ್ತೆತ್ತಿ ದುಡಿಯುವಂತೆ ಮಾಡುತ್ತಾನೆ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ 2014ರಲ್ಲಿ ತೆರೆದ ಆನೆವನವು ಇಂತಹ ಪ್ರಯತ್ನಗಳಲ್ಲೊಂದು. ಅಲ್ಲಿನ ಮರದ ಗುಮ್ಮಟದಲ್ಲಿ 271 ಬೆಳಕಿಂಡಿಗಳಿದ್ದು, ಎಲೆಗಳ ಸಂದಿನಿಂದ ಸೋರಿದಂತೆ ಬಿಸಿಲು ಇಳಿಯುತ್ತದೆ. ಕಾಲಿಗೆ ಮರಳಿನ ನೆಲ, ಈಜಲು ಕೊಳ. ಈಜುವ ಆನೆಯನ್ನು ಜನರು ಗಾಜಿನಾಚೆಯಿಂದ ನೋಡಬಹುದು. ಮೇವಿನ ಗೂಡುಗಳು ಅಲ್ಲಲ್ಲಿ ಅಡಗಿವೆ. ಯಾವುದು ಯಾವಾಗ ತೆರೆಯುವುದೆಂಬುದನ್ನು ಆನೆ ಮೊದಲೇ ಅರಿಯದು. ಆದುದರಿಂದ ಅದು ನಡೆಯಬೇಕು, ಮೂಸಬೇಕು, ತಡಕಬೇಕು. ಕಳೆದುಹೋದ ಕಸುಬು ಕೊಂಚಮಟ್ಟಿಗೆ ಮರಳಿ ದೊರೆಯುತ್ತದೆ.

ಕೊಂಚಮಟ್ಟಿಗೆ ಮಾತ್ರ. ಎಂತಹ ಆವರಣಕ್ಕೂ ಎಲ್ಲೆಯುಂಟು. ಕಾಡಿನ ಆನೆ ಅಲೆಯುವ ಹರವು ಅಲ್ಲಿ ದೊರೆಯದು. 2009ರಲ್ಲಿ ಭಾರತದ ಕೇಂದ್ರ ಮೃಗಾಲಯ ಪ್ರಾಧಿಕಾರವು ಆನೆಗಳನ್ನು ಮೃಗಾಲಯಗಳಿಂದ ಕಾಡಿನ ಶಿಬಿರಗಳಿಗೆ ಸಾಗಿಸಬೇಕೆಂದು ಸೂಚಿಸಿದುದೂ ಇದೇ ಚಿಂತೆಯಿಂದಲೇ.

ಮೃಗಾಲಯಕ್ಕೆ ಹೋದವರು ಸುತ್ತಲಿನ ಹಸುರನ್ನು ಕಂಡು ಸಂತೋಷಪಡುವುದು ಸಹಜ. ಆದರೆ ಅರೆಗಳಿಗೆ ನಿಂತು ಆನೆಯ ಸೊಂಡಿಲನ್ನೂ ಗಮನಿಸಬೇಕು. ಅದು ಏನನ್ನಾದರೂ ಅರಸುತ್ತಿದೆಯೇ, ಇಲ್ಲವೆ ಸುಮ್ಮನೆ ತೂಗುತ್ತಿದೆಯೇ? ಆ ಮನೆಯನ್ನು ಯಾರಿಗಾಗಿ ಕಟ್ಟಲಾಗಿದೆಯೆಂಬುದು ಆಗ ತಾನಾಗಿ ತಿಳಿಯುತ್ತದೆ.