ಅರ್ಥವಾಯಿತೇ?

ಪಾಠ ಮುಗಿದ ಮೇಲೆ "ಅರ್ಥವಾಯಿತೇ?" ಎಂದು ಕೇಳುವ ಅಭ್ಯಾಸ ನಮ್ಮಂಥ ಉಪಾಧ್ಯಾಯರಿಗೆಲ್ಲ ಇರುವುದೇ. "ಆಯಿತು" ಎಂದು ಮಕ್ಕಳು ಒಕ್ಕೊರಲಿನಿಂದ ಕೂಗುತ್ತಾರೆ. ಮರುದಿನ ಲೆಕ್ಕದ ಪುಸ್ತಕ ತೆರೆದಾಗ ಆದುದೇನೆಂಬುದು ನಮಗೆ ಅರ್ಥವಾಗುತ್ತದೆ. ತಿಳಿಯಲಿಲ್ಲವೆಂದು ಹೇಳುವುದಕ್ಕೆ ಧೈರ್ಯ ಬೇಕು. ತಿಳಿಯಲಿಲ್ಲವೆಂಬುದು ಮೊದಲು ತನಗೆ ತಿಳಿದಿರಲೂಬೇಕು. ಈ ಪ್ರಶ್ನೆಯನ್ನು ಬಿಟ್ಟುಬಿಡಿರೆಂದು ಟಿ.ಟಿ.ಸಿ. ತರಬೇತಿಯ ದಿನಗಳಲ್ಲಿ ನಮ್ಮ ಗುರುಗಳು ಎಚ್ಚರಿಸುತ್ತಿದ್ದರು. ನಾವು ಬಿಡಲಿಲ್ಲ. ಬಿಡುವ ಪಾಠವನ್ನು ಕಲಿತದ್ದು ಶಾಲೆಯಲ್ಲಲ್ಲ, ಆಸ್ಪತ್ರೆಯಲ್ಲಿ.

ನಮ್ಮ ತಾಯಿಯವರಿಗೆ ಸಕ್ಕರೆ ಕಾಯಿಲೆ. ವಿದ್ಯಾನಗರದ ನಮ್ಮ ಮನೆಯಿಂದ ಬಸ್ಸು ಹಿಡಿದರೆ ಬೇಗನೆ ತಲಪಬಹುದಾದ ಒಂದು ಆಸ್ಪತ್ರೆಯಲ್ಲಿ ಅವರಿಗೆ ಚಿಕಿತ್ಸೆ. ಅದರ ಹೆಸರು ಇಲ್ಲಿ ಬೇಡ; ಹೇಳಹೊರಟಿರುವುದು ಒಂದೇ ಆಸ್ಪತ್ರೆಯ ಕಥೆಯಲ್ಲ. ಒಮ್ಮೆ ಅವರ ಔಷಧ ಬದಲಾಯಿತು. ಮದ್ದು ಕೊಡುವ ಕಿಟಕಿಯಲ್ಲಿ "ಊಟಕ್ಕೆ ಮೊದಲು ಒಂದು" ಎಂದು ಮಲೆಯಾಳದಲ್ಲಿ ಹೇಳಿದರು. ಅಷ್ಟು ಮಲೆಯಾಳ ತಾಯಿಯವರಿಗೆ ಬರುತ್ತದೆ. ಅರ್ಥವಾಯಿತೇ ಎಂದು ಕೇಳಿದರು. ತಾಯಿಯವರು ತಲೆಯಾಡಿಸಿದರು. ಪಕ್ಕದಲ್ಲಿ ನಿಂತಿದ್ದ ನಾವೂ ತಲೆಯಾಡಿಸಿದೆವು.

ಕೆಲವು ದಿನಗಳಲ್ಲಿ ಏಕಾದಶಿ ಬಂತು. ತಾಯಿಯವರು ಉಪವಾಸವಿದ್ದರು, ಮಾತ್ರೆಯನ್ನು ಮಾತ್ರ ತಪ್ಪಿಸಲಿಲ್ಲ. ಮಧ್ಯಾಹ್ನ ದಾಟುವಾಗ ಮೈಯೆಲ್ಲ ಬೆವತು, ಕೈಕಾಲು ನಡುಗಿ, ಜಗಲಿಯ ಮೆಟ್ಟಿಲಿನ ಮೇಲೆ ಕುಸಿದು ಕುಳಿತರು. ನಾವು ಶಾಲೆಯಲ್ಲಿದ್ದೆವು. ನೆರೆಮನೆಯಾಕೆ ಕಂಡು, ಎಚ್ಚರ ತಪ್ಪುವ ಮೊದಲೇ ಸಕ್ಕರೆ ನೀರು ಕುಡಿಸಿದ್ದರಿಂದ ಆ ದಿನ ನಮಗೆ ತಾಯಿ ಉಳಿದರು. ಸಂಜೆ ನಾವು ಸ್ವಲ್ಪ ಗಡಸಾಗಿಯೇ ಕೇಳಿದೆವು.

"ಒಂದು ದಿನವೂ ತಪ್ಪಿಸಬಾರದು ಅಂತ ನೀನೇ ಹೇಳಿದ್ದಲ್ಲವಾ ಮಗ? ಊಟಕ್ಕೆ ಮೊದಲು ಅಂದರು. ನಾಳೆ ದ್ವಾದಶಿಯ ಊಟ ಇತ್ತಲ್ಲ, ಅದಕ್ಕೆ ಮೊದಲು ತೆಗೊಂಡೆ."

ಈ ತರ್ಕದಲ್ಲಿ ತಪ್ಪನ್ನು ಹುಡುಕಲು ನಮ್ಮಿಂದಾಗಲಿಲ್ಲ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ಹೊಟ್ಟೆಗೆ ಆಹಾರ ಬೀಳದಿದ್ದರೆ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತವೆ. ಇದು ಆಸ್ಪತ್ರೆಗೆ ಗೊತ್ತು. ನಮ್ಮ ತಾಯಿಯವರು ತಿಂಗಳಿಗೆ ಎರಡು ಏಕಾದಶಿ ಮಾಡುತ್ತಾರೆ. ಇದು ಮನೆಗೆ ಗೊತ್ತು. ಈ ಎರಡು ತಿಳಿವಳಿಕೆಗಳು ಒಂದನ್ನೊಂದು ಸಂಧಿಸಬಹುದಾಗಿದ್ದ ಸ್ಥಳವೆಂದರೆ ಆ ಕಿಟಕಿ ಮಾತ್ರ. ಅಲ್ಲಿ ಅವು ಸಂಧಿಸಲಿಲ್ಲ.

ವೈದ್ಯರಿಗೆ ಇದನ್ನು ತಿಳಿಸಿದಾಗ ಅವರು, "ಮಾಷೇ, ಇದನ್ನು ನಮ್ಮ ಸಮಿತಿಯಲ್ಲಿ ಬಂದು ಹೇಳಿ" ಎಂದರು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಯೋಜನೆ ಪ್ರಾರಂಭವಾದಾಗ ಸರಕಾರಿ ಆಸ್ಪತ್ರೆಗಳಿಗೆ ರೋಗಿ ಕಲ್ಯಾಣ ಸಮಿತಿಗಳನ್ನು ವಿಧಿಸಲಾಯಿತು. ಕೇರಳದಲ್ಲಿ ಆಸ್ಪತ್ರೆ ನಿರ್ವಹಣ ಸಮಿತಿಯೆಂಬುದು ಆ ಕೆಲಸ ಮಾಡುತ್ತದೆ. ನಾವು ದೂರುಗಳನ್ನು ಒಂದು ಹಾಳೆಯ ತುಂಬ ಬರೆದುಕೊಂಡು ಹೋದೆವು. ಓದಿ ಮುಗಿಸಿದ ಮೇಲೆ, ಮದ್ದು ಕೊಡುವ ಮಹನೀಯೆ ಸಿಟ್ಟಾಗದೆ ಹೇಳಿದರು: "ಒಂದು ಶನಿವಾರ ಕಿಟಕಿಯ ಒಳಗಡೆ ಬಂದು ನಿಲ್ಲಿ ಮಾಷೇ."

ನಿಂತೆವು. ಒಳಗಿನಿಂದ ಮುಖಗಳು ಕಾಣಿಸುವುದೇ ಇಲ್ಲ. ಚೀಟಿ ಹಿಡಿದ ಕೈಗಳು ಮಾತ್ರ ಒಂದರ ಹಿಂದೆ ಒಂದು ಒಳಗೆ ಬರುತ್ತವೆ. ಸಪ್ತಭಾಷಾ ಸಂಗಮವೆಂದು ನಮ್ಮ ಕಾಸರಗೋಡನ್ನು ಸಭೆಗಳಲ್ಲಿ ಹಾಡಿ ಹೊಗಳುತ್ತೇವೆ. ಆ ಸಂಗಮದ ಭಾರವನ್ನು ಹೊತ್ತವರು ಯಾರೆಂಬುದು ಅಲ್ಲಿ ಕಂಡಿತು. ತುಳು, ಕನ್ನಡ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲವೂ ಆ ಒಂದು ಗೇಣಗಲದ ತೂತಿನ ಮುಂದೆ ಸರದಿಯಲ್ಲಿ ನಿಂತಿರುತ್ತವೆ. ದೂರಿನ ಹಾಳೆಯನ್ನು ಮಡಚಿ ಜೇಬಿಗೆ ಹಾಕಿದೆವು.

ಮುಂದಿನ ಸಭೆಯಲ್ಲಿ ಮೂರೇ ಸೂಚನೆಗಳನ್ನು ಕೊಟ್ಟೆವು. ಔಷಧ ಹೊಸದಾಗಿ ಬರೆಯಲ್ಪಟ್ಟವರನ್ನು "ಅರ್ಥವಾಯಿತೇ" ಎಂದು ಕೇಳದೆ, "ಮನೆಗೆ ಹೋಗಿ ಹೇಗೆ ತೆಗೆದುಕೊಳ್ಳುವಿರಿ, ಹೇಳಿ ನೋಡೋಣ" ಎಂದು ಕೇಳುವುದು. ಉಪವಾಸ ಉಂಟೇ ಎಂದು ವಿಚಾರಿಸುವುದು. ಏಕಾದಶಿಯಾಗಲಿ, ರಂಜಾನ್ ಆಗಲಿ, ಶರೀರಕ್ಕೆ ಭೇದವಿಲ್ಲ. ಮಾರ್ಗ ತೋರಿಸುವ ಹಲಗೆಗಳಲ್ಲಿ ಕನ್ನಡವನ್ನೂ ಬರೆಸುವುದು. ಮೊದಲೆರಡಕ್ಕೆ ಕಿಟಕಿಯಲ್ಲಿ ಸಮಯವಿಲ್ಲದ್ದರಿಂದ ಹೊರಗೆ ಒಂದು ಮೇಜು ಹಾಕಿದರು. ಶನಿವಾರ ಶಾಲೆಗೆ ರಜೆಯಾದುದರಿಂದ ಅಂದು ಬೆಳಗ್ಗೆ ನಾವು ಅಲ್ಲಿ ಕುಳಿತುಕೊಳ್ಳುತ್ತೇವೆ. ಮದ್ದಿನ ವಿಚಾರ ಒಂದು ಮಾತನ್ನೂ ನಾವು ಹೇಳಕೂಡದು. ಕೇಳಬೇಕು, ಸಂಶಯ ಕಂಡಲ್ಲಿ ರೋಗಿಯನ್ನು ನರ್ಸಮ್ಮನವರ ಬಳಿಗೆ ತಿರುಗಿ ಕಳುಹಿಸಬೇಕು, ಕೇಳಿದ್ದನ್ನು ಹೊರಗೆ ಆಡಬಾರದು. ನಿಯಮ ಇಷ್ಟೇ.

ಆದುದರಿಂದ ಹೆಸರಿಲ್ಲದೆ ಒಂದನ್ನು ಮಾತ್ರ ಹೇಳುತ್ತೇವೆ. ಒಬ್ಬ ಮುದುಕರು, ರಕ್ತದೊತ್ತಡದವರು, "ಹೇಗೆ ತೆಗೆದುಕೊಳ್ಳುವಿರಿ?" ಎಂದದ್ದಕ್ಕೆ ಮಾತ್ರೆಯನ್ನು ಉಗುರಿನಿಂದ ಮುರಿಯುವಂತೆ ಅಭಿನಯಿಸಿ ತೋರಿಸಿದರು. "ಇಡೀ ಮಾತ್ರೆ ನುಂಗಿದರೆ ತಿಂಗಳಿಗೇ ಮುಗಿಯುತ್ತದೆ ಮಾಸ್ಟ್ರೇ. ಎರಡು ಬಸ್ಸು ಬದಲಾಯಿಸಿ ಪುನಃ ಬರಬೇಡವಾ?" ಅವರ ಊರಿನ ಆರೋಗ್ಯ ಕೇಂದ್ರದಲ್ಲೇ ಆ ಮಾತ್ರೆ ಸಿಗುತ್ತದೆಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ಒತ್ತಡ ಇಳಿಯಲಿಲ್ಲವೆಂದು ಔಷಧದ ಪ್ರಮಾಣವನ್ನು ಅಂದು ಏರಿಸಿದ್ದರು. ಚೀಟಿ ವೈದ್ಯರ ಬಳಿಗೆ ಹಿಂತಿರುಗಿತು.

ನಾವು ಮಾಡುತ್ತಿರುವುದು ಹೊಸತೇನೂ ಅಲ್ಲ. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯವು ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ರೋಗಿಗಳ ಮತ್ತು ಮನೆಯವರ ಸಲಹಾ ಮಂಡಳಿ ಇರಬೇಕೆಂದು 2008ರಲ್ಲಿ ಕಾಯಿದೆಯನ್ನೇ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯು ಸೆಪ್ಟೆಂಬರ್ 17ರಂದು ಆಚರಿಸುವ ರೋಗಿ ಸುರಕ್ಷಾ ದಿನಕ್ಕೆ 2023ರಲ್ಲಿ ಇದೇ ವಿಷಯವನ್ನು ಆರಿಸಿತ್ತು. ಅಷ್ಟು ದೂರ ಹೋಗುವುದೂ ಬೇಡ. 1993ರಲ್ಲಿ ಕಲ್ಲಿಕೋಟೆಯಲ್ಲಿ ಮೊಳೆತ ಉಪಶಮನ ಚಿಕಿತ್ಸೆಯ ಕಾರ್ಯವು ನೆರೆಹೊರೆಯ ಸಾಮಾನ್ಯ ಜನರನ್ನೇ ಸ್ವಯಂಸೇವಕರನ್ನಾಗಿ ಮಾಡಿಕೊಂಡು ಕೇರಳವನ್ನೆಲ್ಲ ವ್ಯಾಪಿಸಿತು. 2008ರಲ್ಲಿ ಸರಕಾರವು ಅದಕ್ಕೊಂದು ನೀತಿಯನ್ನೂ ರೂಪಿಸಿತು. ಹಾಸಿಗೆ ಹಿಡಿದವರ ಮನೆಗೆ ನೆರೆಯವರು ಹೋಗಬಹುದಾದರೆ, ನಡೆದು ಬಂದವರ ಬಳಿ ನೆರೆಯವರೊಬ್ಬರು ಕುಳಿತಿರುವುದು ಕಷ್ಟವೇನಲ್ಲ.

ಮೂರನೆಯ ಸೂಚನೆ ಇನ್ನೂ ಕೈಗೂಡಿಲ್ಲ. ರಾಜ್ಯದ ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ಮಾಡಬಹುದೆಂದು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಹೇಳುತ್ತದೆ. ಅದರಂತೆ ಕನ್ನಡದಲ್ಲಿಯೇ ಒಂದು ಮನವಿ ಬರೆದಿದ್ದೇವೆ. ಹಲಗೆ ಬರುವ ತನಕ "ಎಕ್ಸ್‌ರೇ ಎಲ್ಲಿ ಮಾಸ್ಟ್ರೇ?" ಎಂದವರಿಗೆ ಎದ್ದು ಹೋಗಿ ತೋರಿಸಿ ಬರುತ್ತೇವೆ.

ತಾಯಿಯವರು ಏಕಾದಶಿಯನ್ನು ಬಿಡಲಿಲ್ಲ. ವೈದ್ಯರನ್ನು ಕೇಳಿ ಆ ದಿನದ ಮಾತ್ರೆಯ ಕ್ರಮವನ್ನು ಬರೆಸಿಕೊಂಡಿದ್ದಾರೆ, ಚೀಟಿ ಪಂಚಾಂಗದೊಳಗಿದೆ. ಹಿಂದಿನ ರಾತ್ರಿ ನಾವು, "ಅಮ್ಮಾ, ನಾಳೆ ಮಾತ್ರೆ ಹೇಗೆ, ಹೇಳಿ ನೋಡುವ" ಎನ್ನುತ್ತೇವೆ. "ಇವನಿಗೆ ಮನೆಯಲ್ಲಿಯೂ ಶಾಲೆ" ಎಂದು ಗೊಣಗಿಕೊಂಡೇ ತಪ್ಪಿಲ್ಲದೆ ಒಪ್ಪಿಸುತ್ತಾರೆ.

ಸಂಘದ ಬಂಧುಗಳಲ್ಲಿ ಒಂದು ಬಿನ್ನಹ. ಇದಕ್ಕೆ ವಿದ್ವತ್ತು ಬೇಡ. ಎರಡು ಭಾಷೆ, ಎರಡು ಗಂಟೆ, ಸ್ವಲ್ಪ ತಾಳ್ಮೆ ಸಾಕು. ಆ ಮೇಜಿನ ಬಳಿ ಇನ್ನೊಂದು ಕುರ್ಚಿಗೆ ಸ್ಥಳವಿದೆ.