‘ಹಾಲುಬಣ್ಣ’ ಬರೆದ ಪಾಪ

ಪಿಯುಸಿ ಅರ್ಧಕ್ಕೇ ಬಿಟ್ಟು ಪೆನ್ನು ಹಿಡಿದವ ನಾನು. ನಟಿಯರ ‘ಹಾಲುಬಣ್ಣ’ವನ್ನು ಎಷ್ಟು ಸಲ ಹೊಗಳಿದೆನೋ! ಅದನ್ನೆಲ್ಲ ಮನೇಲಿ ತಂಗಿಯೂ ಓದ್ತಾಳೆ ಅನ್ನೋದು ಹೊಳೆಯಲೇ ಇಲ್ಲ. ಎರಡು ಸಂಬಂಧ ತಪ್ಪಿದ ಮೇಲೆ ಯಾವುದೋ ಹೆಸರಿಲ್ಲದ ಡಬ್ಬಿಯ ಕ್ರೀಮು ಹಚ್ಚಿದಳು. ಮೊದಲು ಬೆಳ್ಳಗಾದಳು, ಆಮೇಲೆ ಮುಖವೆಲ್ಲ ಕೆಂಡ. ‘ಸ್ಟೀರಾಯ್ಡ್ ಕಣ್ರೀ’ ಅಂದರು ಡಾಕ್ಟರು.

‘ಬೇರು-ನಾರಾದ್ರೆ ಆಗುತ್ತಾ ಸಾರ್?’ ಅಂದೆ. ಅತಿಮಧುರದ ಬೇರಿನ ಗ್ಲಾಬ್ರಿಡಿನ್, ಬೇರ್‌ಬೆರಿ ಎಲೆಯ ಆರ್ಬುಟಿನ್ ಎರಡೂ ಮೆಲನಿನ್ ತಯಾರಿಸುವ ಟೈರೋಸಿನೇಸ್ ಕಿಣ್ವಕ್ಕೆ ಕಡಿವಾಣ ಹಾಕುತ್ತವಂತೆ. ಕಲೆ ಕೊಂಚ ತಿಳಿಯಾದೀತು, ಹುಟ್ಟುಬಣ್ಣ ಹೋಗದು. ಹೋಗಲೂಬಾರದು, ಮೆಲನಿನ್ ಅಂದರೆ ಬಿಸಿಲಿಗೆ ಚರ್ಮ ಹಿಡಿದ ಕೊಡೆ!

2020ರಲ್ಲಿ ‘ಫೇರ್ ಅಂಡ್ ಲವ್ಲಿ’ ತನ್ನ ಹೆಸರಿನಿಂದ ‘ಫೇರ್’ ಕಿತ್ತುಹಾಕಿತು. ನನ್ನ ಪೆನ್ನು ‘ಹಾಲುಬಣ್ಣ’ ಬಿಟ್ಟದ್ದು ತಂಗಿಯ ಮುಖ ಕಂಡ ದಿನ. ತಡವಾಯಿತು, ಅಲ್ಲವೇ ಓದುಗರೇ?