ಕೊಳಗದ ನಾಡಿನಲ್ಲಿ

ಮೈಸೂರಿನಿಂದ ಅರಸೀಕೆರೆಗೆ ಹೋಗುವ ರೈಲುದಾರಿಯಲ್ಲಿ ಕೃಷ್ಣರಾಜನಗರವು ಸಿಕ್ಕುತ್ತದೆ. ಈ ದಾರಿಯು ಈಗ ಬ್ರಾಡ್‌ಗೇಜ್ ಆಗಿದೆ. ಆದರೆ ಮೊದಲು ಹಾಕಿದ್ದು ಮೀಟರ್‌ಗೇಜ್. ಆ ಹೆಸರಿನಲ್ಲೊಂದು ವಿನೋದವುಂಟು. ಲಾರ್ಡ್ ಮೇಯೋ ಇಂಡಿಯಾದ ವೈಸ್‌ರಾಯನಾಗಿದ್ದಾಗ, ದೇಶಕ್ಕೆಲ್ಲ ಫ್ರಾನ್ಸಿನ ಅಳತೆಯನ್ನು ತರುವ ಉದ್ದೇಶವಿದ್ದುದರಿಂದ, ಹೊಸ ರೈಲುಹಳಿಗಳ ಅಂತರವು ಸರಿಯಾಗಿ 1 ಮೀಟರ್ ಇರಲೆಂದು ತೀರ್ಮಾನವಾಯಿತು. ಒಂದು ಸೇರೆಂದರೆ ಒಂದು ಕಿಲೋಗ್ರಾಂ ಎಂದು 1871ರಲ್ಲಿ ಶಾಸನವನ್ನೂ ಮಾಡಿದರು. ಮರುವರ್ಷವೇ ಮೇಯೋ ಅಂಡಮಾನಿನಲ್ಲಿ ಕೊಲೆಯಾದನು. ಶಾಸನವು ಆಚರಣೆಗೆ ಬರಲಿಲ್ಲ. ಹೀಗೆ ಮೀಟರಿನ ಹಳಿಗಳ ಮೇಲೆ ಓಡುತ್ತಿದ್ದ ಬಂಡಿಗಳಲ್ಲಿ ಸರಕು ಮಾತ್ರ ಮಣದ ಲೆಕ್ಕದಲ್ಲಿ ಸಾಗಿತು.

ಕೃಷ್ಣರಾಜನಗರವು ಹಳೆಯ ಊರಲ್ಲ. ಸಮೀಪದ ಎಡತೊರೆಯೇ ಮೂಲಸ್ಥಾನ. ಕಾವೇರಿಯು ಎಡಕ್ಕೆ ತಿರುಗುವುದರಿಂದ ಆ ಹೆಸರು ಬಂದಿತೆನ್ನುವರು. ತೀರದಲ್ಲಿ ಅರ್ಕೇಶ್ವರಸ್ವಾಮಿಯ ಗುಡಿಯಿದೆ. ಪ್ರವಾಹದ ಉಪದ್ರವ ಹೆಚ್ಚಿದಾಗ, 1925ರಿಂದ 1930ರ ಸುಮಾರಿನಲ್ಲಿ ಎತ್ತರದ ನೆಲದಲ್ಲಿ ಹೊಸ ಪಟ್ಟಣವನ್ನು ಕಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನಿಟ್ಟರು. ಪೇಟೆಯನ್ನು ದಾಟಿ ಚುಂಚನಕಟ್ಟೆಯ ಕಡೆಗೆ ಹೊರಟರೆ ನಾಲೆಯ ನೀರು, ಗದ್ದೆ, ಮತ್ತೆ ಗದ್ದೆ. ಮೈಸೂರು ಸೀಮೆಯವರು ಇದನ್ನು ಭತ್ತದ ಕಣಜವೆಂದು ಕರೆಯುವುದು ಸುಮ್ಮನೆ ಅಲ್ಲ.

ಭತ್ತವಿದ್ದಲ್ಲಿ ಕೊಳಗವಿರಲೇಬೇಕು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಖಂಡುಗವು ಧಾನ್ಯದ ಅಳತೆಯೂ ಹೌದು, ನೆಲದ ಅಳತೆಯೂ ಹೌದು. ಒಂದು ಖಂಡುಗ ಬೀಜ ಬಿತ್ತಬಹುದಾದ ನೆಲವೇ ಒಂದು ಖಂಡುಗದ ಭೂಮಿ. ಗದ್ದೆಯಲ್ಲಿ ಬೀಜ ಒತ್ತಾಗಿ ಬೀಳುವುದು, ಹೊಲದಲ್ಲಿ ವಿರಳವಾಗಿ. ಆದುದರಿಂದ ಖಂಡುಗ ಹೊಲವು ಖಂಡುಗ ಗದ್ದೆಗಿಂತ ಎಷ್ಟೋ ಪಾಲು ವಿಸ್ತಾರವಾಗಿರುತ್ತಿತ್ತು. ಮೋಜಣಿದಾರನಿಗೆ ಇದು ತಲೆನೋವೇ ಸರಿ. ಆದರೆ ರೈತನಿಗೆ ಬೇಕಾದುದು ನೆಲದ ಚದರವಲ್ಲ. ಕಣಜದಿಂದ ಎಷ್ಟು ಬೀಜ ತೆಗೆಯಬೇಕು, ಎಷ್ಟು ಆಳು ಬೇಕು ಎಂಬುದು. ಅದನ್ನು ಹಳೆಯ ಅಳತೆಯು ಒಂದೇ ಮಾತಿನಲ್ಲಿ ಹೇಳುತ್ತಿತ್ತು. ಈ ಗುಣವನ್ನು ಹೆಕ್ಟೇರಿನಲ್ಲಿ ಹುಡುಕಿದರೆ ಸಿಕ್ಕದು.

ಕಣದಲ್ಲಿ ರಾಶಿ ಅಳೆಯುವವನು ಮೊದಲನೆಯ ಕೊಳಗಕ್ಕೆ “ಒಂದು” ಎನ್ನದೆ “ಲಾಭ” ಎನ್ನುತ್ತಿದ್ದನು. ಆದರೆ ಲಾಭ ಯಾರಿಗೆ? ಕೊಳಗವನ್ನು ಅಂಚಿಗೆ ಸಮನಾಗಿ ಸವರಿ ಅಳೆಯುವುದು ಒಂದು ಬಗೆ. ಮೇಲೆ ಶಿಖರದಂತೆ ಏರಿಸಿ ಅಳೆಯುವುದು ಇನ್ನೊಂದು ಬಗೆ. ಎಂಟು ಸೇರಿನ ಕೊಳಗವೂ ಇತ್ತು, ಹದಿನಾರು ಸೇರಿನದೂ ಇತ್ತು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಎಂಬ ವೈದ್ಯನು ಅಳತೆಗಳು ಊರಿಂದೂರಿಗೆ ಬದಲಾಗುವುದನ್ನು ಬರೆದಿಟ್ಟಿದ್ದಾನೆ. ಗೇಣಿ ಕೊಡುವವನೂ ತೆಗೆದುಕೊಳ್ಳುವವನೂ ಒಂದೇ ಕಣದಲ್ಲಿ ನಿಂತಿರುವಾಗ, ಕೊಳಗವು ಯಾರ ಮನೆಯಿಂದ ಬಂದಿತೆಂಬುದೇ ವರ್ಷದ ಅನ್ನದ ಪ್ರಶ್ನೆಯಾಗುತ್ತಿತ್ತು.

ಇದು ನಮ್ಮ ಸೀಮೆಯೊಂದರ ದೋಷವೆಂದು ವಾಚಕರು ಭಾವಿಸಬಾರದು. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಬೆಳಕಿಗೆ ತಂದು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತುಲಾಮಾನದ ಪ್ರಕರಣವೊಂದಿದೆ. ಅದರಲ್ಲಿ ದ್ರೋಣವು ನಾಲ್ಕು ಬಗೆ. ಅರಸನ ಬೊಕ್ಕಸಕ್ಕೆ ತೆಗೆದುಕೊಳ್ಳುವ ದ್ರೋಣಕ್ಕೆ 200 ಪಲ, ವ್ಯಾಪಾರದ ದ್ರೋಣಕ್ಕೆ 187½, ಆಳುಗಳಿಗೆ ಕೊಡುವುದಕ್ಕೆ 175, ಅಂತಃಪುರಕ್ಕೆ 162½. ಹೆಸರು ಒಂದೇ, ಒಳಗೆ ಬರುವಾಗ ದೊಡ್ಡದು, ಹೊರಗೆ ಹೋಗುವಾಗ ಚಿಕ್ಕದು. ಆ ಮಹಾಮತಿಯು ಇದನ್ನು ಮರೆಮಾಚದೆ ನಿಯಮವನ್ನಾಗಿಯೇ ಬರೆದನು. ಅಂತಃಪುರದ ಸ್ತ್ರೀಯರಿಗೆ ಎಲ್ಲಕ್ಕಿಂತ ಕಡಿಮೆ ಏಕೆಂದು ನಾನು ವಿದ್ಯಾರ್ಥಿದೆಶೆಯಲ್ಲಿ ಗುರುಗಳನ್ನು ಕೇಳಿದ್ದೆ. ಅವರು ನಕ್ಕು ಮುಂದಿನ ಸೂತ್ರಕ್ಕೆ ಹೋದರು.

ತೂಕದಲ್ಲಿಯೂ ಅಷ್ಟೇ. ರೈಲ್ವೆಯ ಮಣವು ನಾಲ್ವತ್ತು ಪಕ್ಕಾ ಸೇರು, ಎಂದರೆ 37 ಕಿಲೋಗ್ರಾಂಗಿಂತ ತುಸು ಹೆಚ್ಚು. ಮೈಸೂರಿನ ಹಳ್ಳಿಯ ಮಣವು ನಾಲ್ವತ್ತು ಕಚ್ಚಾ ಸೇರು. ಸೇರಿಗೆ 24 ರೂಪಾಯಿ ತೂಕದಂತೆ 11 ಕಿಲೋಗ್ರಾಂ ಚಿಲ್ಲರೆ. ಮಣವೆಂಬ ಒಂದೇ ಶಬ್ದವನ್ನು ಹಿಡಿದು ಹಳ್ಳಿಯಿಂದ ಸ್ಟೇಷನ್ನಿಗೆ ಬಂದ ರೈತನಿಗೆ ಅಲ್ಲಿ ಅದರ ಅರ್ಥವೇ ಬೇರೆ.

ಫ್ರಾನ್ಸಿನಲ್ಲಿಯೂ ಸೀಮೆಸೀಮೆಗೆ, ಜಮೀನುದಾರನಿಂದ ಜಮೀನುದಾರನಿಗೆ ಅಳತೆ ಬೇರೆಯಾಗಿತ್ತು; 1789ರ ಕ್ರಾಂತಿಗೆ ಮುಂಚೆ ಪ್ರಜೆಗಳು ಅರಸನಿಗೆ ಕೊಟ್ಟ ಅಹವಾಲುಗಳಲ್ಲಿ ಈ ದೂರೂ ಸೇರಿತ್ತು. ಯಾವ ಅರಸನ ಮೊಳವೂ ಬೇಡ, ಭೂಮಿಯನ್ನೇ ಅಳತೆಗೋಲು ಮಾಡೋಣವೆಂದು ಅಲ್ಲಿನ ಪಂಡಿತರು ನಿಶ್ಚಯಿಸಿದರು. ದೆಲಾಂಬ್ರ್ ಮತ್ತು ಮೆಶೇನ್ ಎಂಬಿಬ್ಬರು 1792ರಿಂದ 1798ರ ವರೆಗೆ, ಯುದ್ಧ ಗಲಭೆಗಳ ನಡುವೆ, ಡನ್‌ಕರ್ಕಿನಿಂದ ಬಾರ್ಸಿಲೋನದ ವರೆಗೆ ರೇಖಾಂಶವನ್ನು ಅಳೆದರು. ಧ್ರುವದಿಂದ ಸಮಭಾಜಕಕ್ಕಿರುವ ದೂರದ ಕೋಟಿಯಲ್ಲೊಂದು ಪಾಲೇ ಮೀಟರು. ಅವರು ದಿನವನ್ನೂ ಹತ್ತು ಗಂಟೆಗಳಾಗಿ ಹಂಚಿದರು. ಆದರೆ ಅದು ಬೇಗನೆ ಬಿದ್ದುಹೋಯಿತು. ಅರವತ್ತು ಗಳಿಗೆಯ ದಿನದ ಲೆಕ್ಕದಲ್ಲಿ ಬೆಳೆದ ನಮ್ಮಂಥವರಿಗೆ ಇದರಿಂದ ಸ್ವಲ್ಪ ಸಮಾಧಾನ.

ನಮ್ಮ ದೇಶದಲ್ಲಿ 1956ರ ಶಾಸನದಿಂದ ದಶಮಾನ ಪದ್ಧತಿ ಬಂದಿತು. 1957ರ ಏಪ್ರಿಲ್ 1ರಿಂದ ನಯಾಪೈಸೆ, 1958ರ ಅಕ್ಟೋಬರಿನಿಂದ ಕಿಲೋಗ್ರಾಂ. ಹದಿನಾರಾಣೆಯ ಲೆಕ್ಕವನ್ನು ಬಾಯಿಪಾಠ ಮಾಡಿದವರು ಕೊಂಚ ಗೊಣಗಿದರು. ಎರಡರಿಂದಲೂ ನಾಲ್ಕರಿಂದಲೂ ಎಂಟರಿಂದಲೂ ಭಾಗಿಸಲು ಹದಿನಾರೇ ಸುಲಭ, ನಿಜ. ಅರ್ಧ, ಕಾಲು, ಅರೆಕಾಲು ಎಂದು ಹಂಚಿ ತಿನ್ನುವ ಮನೆಗೆ ಅದು ಒಪ್ಪುತ್ತದೆ. ಆದರೂ ಕಣದಲ್ಲಿ ನಿಂತ ಬಡವನ ದೃಷ್ಟಿಯಿಂದ ನಾನು ಕಿಲೋಗ್ರಾಮಿನ ಪಕ್ಷವನ್ನೇ ಹಿಡಿಯುತ್ತೇನೆ. ಅದಕ್ಕೆ ಶಿಖರವಿಲ್ಲ, ಒಡೆಯನ ಮನೆಯ ಕಿಲೋಗ್ರಾಂ ಎಂಬುದೂ ಇಲ್ಲ. ತೂಕದಲ್ಲಿ ಮೋಸ ಈಗಲೂ ನಡೆಯಬಹುದು. ಆದರೆ ಈಗ ಅದು ಮೋಸವೆಂದೇ ಹೆಸರಾಗುತ್ತದೆ, ಪದ್ಧತಿಯೆಂದಲ್ಲ.

ಇಂದು ಇಲ್ಲಿ ಭತ್ತವು ಕ್ವಿಂಟಾಲಿನ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಕೊಳಗಕ್ಕೆ ಹಸಿ ಭತ್ತವೂ ಒಣ ಭತ್ತವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ತೂಕಕ್ಕೆ ಹಾಗಲ್ಲ, ನೀರೂ ತೂಗುತ್ತದೆ. ಆದ್ದರಿಂದ ಸರ್ಕಾರದ ಖರೀದಿಯಲ್ಲಿ ತೇವಾಂಶವು 100ಕ್ಕೆ 17ನ್ನು ಮೀರಬಾರದೆಂಬ ಕಟ್ಟಳೆ. ಜಗಳವು ತಕ್ಕಡಿಯನ್ನು ಬಿಟ್ಟು ತೇವ ನೋಡುವ ಯಂತ್ರಕ್ಕೆ ಬಂದಿದೆ. ಪಹಣಿಯಲ್ಲಿ ಮಾತ್ರ ಇನ್ನೂ ಎಕರೆ, ಗುಂಟೆ. 33 ಅಡಿ ಉದ್ದ, 33 ಅಡಿ ಅಗಲದ ಗುಂಟೆಯು ಇಂಗ್ಲಿಷರ ಸರಪಳಿಯ ಅರ್ಧವನ್ನು ಹಿಡಿದು ಮಾಡಿದ್ದು. ಇಂದು ಅದನ್ನು ನಮ್ಮ ಅಜ್ಜಂದಿರ ಅಳತೆಯೆಂದೇ ನಂಬಿದವರು ಬಹಳ. ಅಡಿಗೆಮನೆಯಲ್ಲಿ ಅಕ್ಕಿಯು ಈಗಲೂ ಪಾವಿನಲ್ಲಿಯೇ ಬೇಯುತ್ತದೆ. ಪೇಟೆಯಲ್ಲಿ ಹೂವು ಮೊಳದ ಲೆಕ್ಕದಲ್ಲಿದೆ. ಮಾರುವವಳ ಕೈ ಗಿಡ್ಡವಾಗಿದ್ದರೆ ಕೊಳ್ಳುವವರು ತಮ್ಮ ಕೈಯನ್ನು ಮುಂದೆ ಚಾಚುತ್ತಾರೆ.